ಭೋಗಿಯಲ್ಲಿ ಸುಟ್ಟ ಕಂಬಳಿ

ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಇದು ನನಗೆ ಗೊತ್ತಾಗಿದ್ದು ಏಳು ವರ್ಷಗಳ ಹಿಂದೆ, ಮೈಲಾಪೂರಿನ ನಮ್ಮ ಫ್ಲ್ಯಾಟಿನ ಗೇಟಿನ ಮುಂದೆ. ಅಲ್ಲಿಯವರೆಗೆ ಉಣ್ಣೆಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಹುಟ್ಟಿದ್ದು ಕುಂದಾಪುರ, ಬದುಕಿದ್ದು ಚೆನ್ನೈ. ಎರಡೂ ಕಡೆ ಬೆವರು ಒರೆಸಿಕೊಳ್ಳುವುದೇ ಕೆಲಸ, ಕಂಬಳಿ ಹೊದೆಯುವ ಭಾಗ್ಯ ನಮಗೆಲ್ಲಿಂದ ಬರಬೇಕು.

ಈ ವರ್ಷ ಪೊಂಗಲಿನ ಹಿಂದಿನ ದಿನ, ಹಳೆಯದನ್ನು ಸುಡುವ ಭೋಗಿಯ ಬೆಳಿಗ್ಗೆ, ಅಡುಗೆಮನೆಯ ಕಿಟಕಿ ತೆರೆದೆ. ಬೀದಿಯ ತುಂಬ ಹೊಗೆ. ಯಾರೋ ಹಳೆಯ ಚಾಪೆ, ರಟ್ಟಿನ ಪೆಟ್ಟಿಗೆಗಳನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದರು. ಮಕ್ಕಳು ಪುಟ್ಟ ತಮಟೆ ಬಡಿಯುತ್ತ ಸುತ್ತ ನಿಂತಿದ್ದರು. ಒಳಗಿನಿಂದ ಮಗಳು ಶ್ರೇಯಾ, "ವಿಂಡೋ ಮೂಡುಮ್ಮಾ, ಮೂಚ್ಚು ಮುಟ್ಟುದು" ಎಂದು ಕೂಗಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಅವಳಿಗೆ ಹೊಗೆಯಿಂದ ಉಸಿರು ಕಟ್ಟುತ್ತಿತ್ತು. ನಾನು ಕಿಟಕಿ ಮುಚ್ಚಿದೆ. ಆ ಹೊಗೆಯಲ್ಲಿ ಉಣ್ಣೆಯ ವಾಸನೆ ಇರಲಿಲ್ಲ, ಆದರೂ ನನ್ನ ಮೂಗು ಅದನ್ನೇ ಹುಡುಕುತ್ತಿತ್ತು.

ಏಳು ವರ್ಷದ ಹಿಂದಿನ ಆ ಭೋಗಿಯಂದು ನನ್ನ ತಮ್ಮ ಸುಧಾಕರನಿಗೆ ಮಾಡಲೇಬೇಕಾದ ಒಂದು ಕೆಲಸವಿತ್ತು. ಐದು ವರ್ಷದಿಂದ ಮುಂದೂಡುತ್ತ ಬಂದಿದ್ದ ಕೆಲಸ. ಕೊನೆಗೂ ಮನಸ್ಸು ಗಟ್ಟಿ ಮಾಡಿ ಹೊರಟ ದಿನವೇ, ಅವನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಾಗಿದ್ದ ವಸ್ತುವನ್ನು ನಾನು ಬೆಂಕಿಗೆ ಹಾಕಿದೆ. ಗೊತ್ತಿಲ್ಲದೆ ಹಾಕಿದೆ ಎಂದು ಈಗಲೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಕೇಳದೆ ಹಾಕಿದೆ ಎನ್ನುವುದು ನಿಜ.

ಸುಧಾಕರ ಬಂದಿದ್ದು ಅಕ್ಟೋಬರಿನ ಕೊನೆಯಲ್ಲಿ. ಊರಿನ ಮಳೆ ಮುಗಿದ ಮೇಲೆ ಇಲ್ಲಿಯ ಮಳೆ ಶುರುವಾಗುತ್ತದಲ್ಲ, ಆ ಮಳೆಯಲ್ಲಿ ಮೊಣಕಾಲುದ್ದ ನೀರು ನಿಂತ ಬೀದಿಯಲ್ಲಿ ತಲೆಯ ಮೇಲೆ ಹಸಿರು ಟ್ರಂಕು, ಬಗಲಲ್ಲಿ ಒಂದು ಗೋಣಿಚೀಲ ಇಟ್ಟುಕೊಂಡು ನಡೆದು ಬಂದ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಮೂವತ್ತಾರಕ್ಕೆ ನಿವೃತ್ತನಾಗಿದ್ದ. ಅಪ್ಪ ಅಮ್ಮ ಆಗಲೇ ತೀರಿಕೊಂಡಿದ್ದರು, ಮದುವೆಯ ಎರಡು ಸಂಬಂಧ ಬಂದು ತಪ್ಪಿದ್ದವು. ಕುಂದಾಪುರಕ್ಕೆ ಹೋಗುತ್ತಾನೆ ಎಂದು ನಾವೆಲ್ಲ ಅಂದುಕೊಂಡಿದ್ದಾಗ ಚೆನ್ನೈಗೆ ಬರುತ್ತೇನೆ ಎಂದು ಫೋನು ಮಾಡಿದ. ಅಕ್ಕನ ಮೇಲಿನ ಪ್ರೀತಿ ಎಂದು ನಾನು ಬೀಗಿದೆ. ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದೆ.

ನನ್ನ ಗಂಡನ ಮನೆಯವರದು ದೇವಸ್ಥಾನದ ಕೆರೆಯ ಹತ್ತಿರ ಸಣ್ಣದೊಂದು ಸಸ್ಯಾಹಾರಿ ಹೋಟೆಲು. ಮಾವ ಕಟ್ಟಿದ್ದು, ಈಗ ನಮ್ಮ ಯಜಮಾನರು ನೋಡಿಕೊಳ್ಳುತ್ತಾರೆ. ಸುಧಾಕರ ಅಲ್ಲಿಯ ಉಗ್ರಾಣ ವಹಿಸಿಕೊಂಡ. ಒಂದೇ ವಾರದಲ್ಲಿ ಅಕ್ಕಿ, ಉದ್ದು, ಬೇಳೆಯ ಮೂಟೆಗಳೆಲ್ಲ ಸಾಲಾಗಿ ನಿಂತುಬಿಟ್ಟವು. ನಮ್ಮ ಅಡುಗೆಯವರು ಉಗ್ರಾಣಕ್ಕೆ ಹೋಗುವಾಗ ಬೀಡಿ ಆರಿಸಿ ಹೋಗತೊಡಗಿದರು. ಅವನಿಗೆ ಬೈಯುವುದು ಗೊತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದ ಅಷ್ಟೆ. ಮನೆಯಲ್ಲಿ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಸಿಗೆಯನ್ನು ಚೌಕವಾಗಿ ಮಡಿಸಿಡುತ್ತಿದ್ದ. ಕಾಫಿ ಹೋಟೆಲಿನ ಮನೆಯಲ್ಲಿ ಕೂತು ಟೀ ಬೇಕು ಎನ್ನುತ್ತಿದ್ದ. "ನಮ್ಮ ಮನಿ ಮರ್ಯಾದಿ ತೆಗುಕೇ ಬಂದಿದ್ಯಾ ನೀನು?" ಎಂದು ನಾನು ರೇಗಿಸಿದರೆ ಹಲ್ಲು ಕಾಣದ ಹಾಗೆ ನಗುತ್ತಿದ್ದ.

ಅವನ ತಮಿಳು ಕೇಳಿ ಶ್ರೇಯಾ ಬಿದ್ದು ಬಿದ್ದು ನಕ್ಕಳು. ಆಗ ಹದಿನಾಲ್ಕು ವರ್ಷದ ಮೈಲಾಪೂರಿನ ಹುಡುಗಿ ಅವಳು, ನಾಜೂಕಿನ ಶಾಲೆ. ಇವನು ನೋಡಿದರೆ ಬಂದರಿನಲ್ಲಿ ಮೂಟೆ ಹೊರುವವರ ತಮಿಳು ಮಾತಾಡುತ್ತಿದ್ದ. ಯಾವ ವಿಷಯ ವಿವರಿಸುವುದಿದ್ದರೂ ಮೊದಲು "ಅದಾವದು ಇನ್ನಾನ್ನಾ..." ಎಂದು ಎಳೆದು, ಒಂದು ಕೈ ಗಾಳಿಯಲ್ಲಿ ತಿರುಗಿಸಿ, ಆಮೇಲೆ ಶುರುಮಾಡುತ್ತಿದ್ದ. 'ವಿಷಯ ಏನಪ್ಪಾ ಅಂದರೆ' ಎನ್ನುವ ಹಾಗೆ.

"ಮಾಮಾ, ನೀಂಗ ಏನ್ ರೌಡಿ ಮಾದಿರಿ ತಮಿಳ್ ಪೇಸುರೀಂಗ?" ರೌಡಿಯ ಹಾಗೆ ಯಾಕೆ ಮಾತಾಡುತ್ತೀರಿ, ಯಾರು ಕಲಿಸಿದ್ದು ಎಂದು ಅವಳ ಪ್ರಶ್ನೆ.

"ಒಬ್ಬ ಫ್ರೆಂಡು," ಎಂದು ಅವನು ಎದ್ದು ಹೋಗಿದ್ದ. ಆಗ ನಾನು ಅದನ್ನು ಗಮನಿಸಲಿಲ್ಲ.

ನವೆಂಬರಿನಲ್ಲಿ ನನಗೆ ಬೇರೆ ಅನುಮಾನ ಶುರುವಾಯಿತು. ವಾರದ ರಜೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟುಹೋಗುತ್ತಿದ್ದ, ಮಧ್ಯಾಹ್ನದ ಊಟದ ಹೊತ್ತಿಗೆ ಮುಖ ಸಣ್ಣದು ಮಾಡಿಕೊಂಡು ವಾಪಸು ಬರುತ್ತಿದ್ದ. ಕೇಳಿದರೆ "ಬೀಚ್ ಸ್ಟೇಷನ್ ತನ್ಕ ಹೋಯಿದ್ದೆ" ಎನ್ನುತ್ತಿದ್ದ. ಮೂರನೆಯ ಸಲ ಅವನ ಬೂಟು ಬಾಗಿಲಲ್ಲೇ ನಾರುತ್ತಿತ್ತು, ಮೀನಿನ ವಾಸನೆ. ನಮ್ಮದು ಬೆಳ್ಳುಳ್ಳಿಗೂ ಯೋಚನೆ ಮಾಡುವ ಮನೆ. "ರಾಯಪುರಂಗೆ ಹೋಯಿದ್ದೆ" ಎಂದು ಒಪ್ಪಿಕೊಂಡ. ಬಂದರಿನ ಆಚೆಯ ಮೀನುಗಾರರ ಕೇರಿ ಅದು. ಓಹೋ, ಅಲ್ಲಿ ಯಾವುದೋ ಹುಡುಗಿ ಇದ್ದಾಳೆ ಎಂದು ನಾನು ತೀರ್ಮಾನ ಮಾಡಿದೆ. ಮೀನು ತಿನ್ನುವ ನಾದಿನಿ ಬಂದರೆ ಪಾತ್ರೆ ಬೇರೆ ಇಡಬೇಕೋ ಎಂದು ಯಜಮಾನರ ಹತ್ತಿರ ಗಂಭೀರವಾಗಿ ಚರ್ಚೆಯೂ ನಡೆಸಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಮಳೆ ಬಿಡದೆ ಹೊಡೆಯುತ್ತಿತ್ತು. ಗಿರಾಕಿಗಳಿರಲಿಲ್ಲ. ಟೀ ತೆಗೆದುಕೊಂಡು ಉಗ್ರಾಣಕ್ಕೆ ಹೋದೆ. ಅವನು ಬೇಳೆಯ ಮೂಟೆಯ ಮೇಲೆ ಕೂತಿದ್ದ. ನಾನು ಎದುರಿನ ಅಕ್ಕಿಮೂಟೆಯ ಮೇಲೆ ಕೂತು, "ಹುಡ್ಗಿ ಹೆಸ್ರೆಂತ, ಹೇಳ್ ಕಾಂಬ" ಎಂದೆ.

ಅವನು ನನ್ನನ್ನೇ ನೋಡಿದ. "ಹುಡ್ಗಿ ಅಲ್ಲ ಅಕ್ಕಾ. ಒಬ್ಬನ ಅಮ್ಮ."

ಆಮೇಲೆ ಹೇಳಿದ. ಅವನ ಜೊತೆಗೆ ಒಂದೇ ದಿನ ಸೈನ್ಯಕ್ಕೆ ಸೇರಿದವನು ಅರುಳ್, ರಾಯಪುರಂನ ಮೀನುಗಾರರ ಮನೆಯ ಹುಡುಗ. ಇಬ್ಬರೂ ಕಡಲ ತೀರದವರು, ಒಂದೇ ವಯಸ್ಸು, ಹನ್ನೆರಡು ವರ್ಷ ಒಂದೇ ತುಕಡಿ. ಅವನ ರೌಡಿ ತಮಿಳು ಅರುಳನದು. ಕೊನೆಯ ಸಲ ಇಬ್ಬರೂ ಇದ್ದದ್ದು ಬೆಟ್ಟದ ಮೇಲೆ, ಹಿಮದಲ್ಲಿ. ದಿನಕ್ಕೊಬ್ಬರ ಸರದಿಯಂತೆ ಮೇಲಿನ ಠಾಣೆಗೆ ಸೀಮೆಎಣ್ಣೆಯ ಡಬ್ಬ ಹೊತ್ತು ಕೊಡಬೇಕಾಗಿತ್ತು.

"ಅವತ್ತಿನ್ ಸರದಿ ನಂದ್. ನಂಗ್ ಜ್ವರ ಬಂದಿತ್ತ್. ಏಳುಕೇ ಆಯ್ಲಿಲ್ಲೆ. ನೀ ಮಲ್ಕೋ, ನಾ ಹೋಯ್ ಬತ್ತೆ ಅಂದ. ಹೋದಂವ ಬರ್ಲಿಲ್ಲೆ. ಹಿಮ ಜಾರಿತ್. ಎರಡ್ ದಿನ ಆದ್ಮೇಲೆ ಸಿಕ್ಕಿದ."

ಹೊರಗೆ ಮಳೆ ಜೋರಾಯಿತು.

"ಅವ್ನ್ ಅಮ್ಮಂಗೆ ಡ್ಯೂಟಿ ಮೇಲೆ ಹೋದ ಅಂದ್ ಹೇಳಿದ್ರ್. ಯಾರ್ ಡ್ಯೂಟಿ ಅಂದ್ ಯಾರೂ ಹೇಳ್ಲಿಲ್ಲೆ. ನಾ ಆಸ್ಪತ್ರೆಲಿದ್ದೆ, ಹೆಣದ್ ಜೊತಿ ಬಪ್ಪುಕೂ ಆಯ್ಲಿಲ್ಲೆ. ನಾನೇ ಹೇಳ್ಬೇಕ್ ಅಕ್ಕಾ. ಅದ್ಕೇ ಇಲ್ಲಿಗ್ ಬಂದದ್ದ್."

ಅಂದರೆ ಅಕ್ಕನ ಪ್ರೀತಿಗೆ ಬಂದದ್ದಲ್ಲ. ಅಂಥ ಮಾತು ಕೇಳಿದ ಮೇಲೂ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಅದು ಚುಚ್ಚಿತು. ಮನುಷ್ಯರು ಎಷ್ಟು ಸಣ್ಣವರು ಎಂದು ತಿಳಿಯಲು ನಾನು ಬೇರೆಲ್ಲೂ ಹೋಗಬೇಕಾಗಿಲ್ಲ. ಮೊದಲೆರಡು ಸಲ ಬೀಚ್ ಸ್ಟೇಷನ್ನಿನಿಂದ ವಾಪಸು ಬಂದಿದ್ದನಂತೆ. ಮೂರನೆಯ ಸಲ ಆ ತಾಯಿಯ ಬೀದಿಯವರೆಗೂ ಹೋಗಿ, ಆಕೆ ಬಾಗಿಲಲ್ಲಿ ಕೂತು ಮೀನು ಹೆಚ್ಚುವುದನ್ನು ನೋಡಿ, ತಿರುಗಿ ಬಂದಿದ್ದ.

ಅಷ್ಟೆಲ್ಲ ಹೇಳಿದವನು ಒಂದು ವಿಷಯ ಹೇಳಲಿಲ್ಲ. ಅವತ್ತು ಅರುಳ್ ಡಬ್ಬ ಹೊತ್ತು ಹೊರಡುವ ಮುಂಚೆ ತನ್ನ ಕಂಬಳಿಯನ್ನು ತೆಗೆದು ಇವನ ಮೇಲೆ ಹೊದಿಸಿ ಹೋಗಿದ್ದ. ಆ ಕಂಬಳಿ ಗೋಣಿಚೀಲದೊಳಗೆ ನಮ್ಮ ಅಟ್ಟದ ಮೇಲಿತ್ತು.

ಆ ಹೊತ್ತಿಗೆ ಸರಿಯಾಗಿ ಮೂರ್ತಿಯವರು ಬಂದರು. ಮೈಸೂರಿನ ಕಡೆಯವರು, ಯಾವುದೋ ಕಂಪನಿಯಲ್ಲಿ ಇಂಜಿನಿಯರು, ಚೆನ್ನೈಗೆ ಬಂದು ಮೂರು ವರ್ಷ. ನಮ್ಮ ಬಡಾವಣೆಯ ಕನ್ನಡ ಕೂಟ ಕಟ್ಟಿದ್ದು ಅವರೇ. ನಮ್ಮ ಹೋಟೆಲಿನ ಖಾಯಂ ಗಿರಾಕಿ.

"ಅಲ್ಲ ಮೇಡಮ್, ನಮ್ಮೋರೇ ಒಬ್ರು ಯೋಧರು ಇಲ್ಲೇ ಅಕ್ಕಿ ಅಳೀತಾ ಕೂತಿದಾರೆ, ನಮಗ್ ಗೊತ್ತೇ ಇರ್ಲಿಲ್ವಲ್ಲ! ಜನವರಿ ಹದಿನಾಲ್ಕು ಮಾಜಿ ಸೈನಿಕರ ದಿನ. ನಿಮ್ ತಮ್ಮಂಗೆ ಒಂದ್ ಸನ್ಮಾನ ಇಟ್ಕೊಳಣ."

ಅಂಥ ಒಂದು ದಿನ ಇದೆ ಎಂದು ನನಗೆ ಗೊತ್ತಾದದ್ದೇ ಆಗ. ಮೂರ್ತಿಯವರು ಉತ್ಸಾಹದಿಂದ ಹೇಳಿದರು. ಸ್ವತಂತ್ರ ಭಾರತದ ಭೂಸೇನೆಗೆ ಮೊದಲು ಬ್ರಿಟಿಷರೇ ಮುಖ್ಯಸ್ಥರಾಗಿದ್ದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ನಮ್ಮ ಕೊಡಗಿನವರು. ಅವರು ಸೇವೆಯಿಂದ ನಿವೃತ್ತರಾದ ದಿನವನ್ನೇ ಈಚಿನ ವರ್ಷಗಳಲ್ಲಿ ಮಾಜಿ ಸೈನಿಕರ ದಿನ ಎಂದು ಆಚರಿಸುತ್ತಾರೆ. ಯುದ್ಧ ಗೆದ್ದ ದಿನವಲ್ಲ, ಪದವಿ ಏರಿದ ದಿನವಲ್ಲ, ಸಮವಸ್ತ್ರ ಕಳಚಿಟ್ಟ ದಿನ. ದೇಶದ ಲೆಕ್ಕಕ್ಕೆ ಅದು ದೊಡ್ಡ ದಿನ, ಕ್ಯಾಲೆಂಡರಿನಲ್ಲಿ ಮಾತ್ರ ಕೆಂಪು ಅಕ್ಷರವಿಲ್ಲ. ನಮ್ಮ ಚೆನ್ನೈಯಲ್ಲಂತೂ ಆ ದಿನ ಒಂದು ವರ್ಷ ಭೋಗಿಗೆ ಬೀಳುತ್ತದೆ, ಇನ್ನೊಂದು ವರ್ಷ ಪೊಂಗಲಿಗೆ. ಕಬ್ಬು, ಅರಿಶಿನದ ಕೊಂಬು, ಬಣ್ಣದ ಮಡಕೆಗಳ ನಡುವೆ ಸೈನಿಕರನ್ನು ಯಾರು ನೆನೆಯಬೇಕು.

ನನಗಂತೂ ಬಹಳ ಖುಷಿಯಾಯಿತು. ಯಾವ ಸೀರೆ ಉಡುವುದು ಎಂದು ಆಗಲೇ ಯೋಚಿಸಿದೆ. ಸುಧಾಕರ ಒಂದೇ ಮಾತು ಹೇಳಿದ. "ನಾ ಹೋತಿಲ್ಲೆ."

"ಎಂತಕ್ಕೆ? ಎದೆ ಮೇಲೆ ಮೆಡಲ್ ಹಾಕಂಡ್ ಒಂದ್ ಗಳಿಗಿ ಕೂಕಂಡ್ರೆ ಎಂತ ಆತ್ತ್?"

"ಅದ್ ವಾಪಸ್ ಬಂದವ್ರ ದಿನ ಅಕ್ಕಾ. ವಾಪಸ್ ಬಂದದ್ದಕ್ಕೆ ಶಾಲ್ ಹೊದ್ಕಂಬುದ್ ಹ್ಯಾಂಗೆ?"

ನಾನು ಬಿಡಲಿಲ್ಲ. ದಿನವೂ ಊಟಕ್ಕೆ ಬಡಿಸುವಾಗ ಅದೇ ರಾಗ ಎಳೆದೆ. ನೀನು ಮಾಡಿದ ಸೇವೆ ಸುಳ್ಳಾ, ಹದಿನೇಳು ವರ್ಷ ಸುಳ್ಳಾ, ಆ ತಾಯಿಗೆ ಹೇಳುವುದಿದ್ದರೆ ಹೇಳು, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದೆಲ್ಲ ಕೊರೆದೆ. ಸಂಬಂಧ ಇರುವುದು ನನಗೂ ಗೊತ್ತಿತ್ತು. ಆದರೆ ಮೂವತ್ತು ವರ್ಷ ಈ ಊರಿನಲ್ಲಿ ಸಾಂಬಾರಿನ ಬಕೆಟ್ಟಿನ ಪಕ್ಕ ನಿಂತವಳಿಗೆ ಒಂದು ದಿನ ವೇದಿಕೆಯ ಮುಂದಿನ ಸಾಲಿನಲ್ಲಿ ಕೂರುವ ಆಸೆ ಇರಬಾರದೇ.

ಜನವರಿ ಹನ್ನೆರಡಕ್ಕೆ ಅವನು ತಾನಾಗಿಯೇ ಬಂದ. "ಹದಿನಾಲ್ಕಕ್ಕೆ ಬೆಳಿಗ್ಗೆ ರಾಯಪುರಂಗೆ ಹೋತೆ. ಹೇಳಿ ಬತ್ತೆ. ಹೇಳ್ಕಂಡ್ ಬಂದ್ರೆ ಹನ್ನೊಂದ್ ಗಂಟಿಗೆ ನಿಮ್ಮ ಸಭೆಗ್ ಬತ್ತೆ. ಹೇಳುಕ್ ಆಯ್ಲಿಲ್ಲೆ ಅಂದ್ರೆ ಕೇಳ್ಬೇಡ."

ಅದು ಅವನು ತನಗೆ ತಾನೇ ಹಾಕಿಕೊಂಡ ಷರತ್ತು. ಸತ್ಯ ಹೇಳಿದರೆ ಮಾತ್ರ ಶಾಲು. ನಾನು ಮೂರ್ತಿಯವರಿಗೆ ಫೋನು ಮಾಡಿ ಒಪ್ಪಿದ್ದಾನೆ ಎಂದಷ್ಟೇ ಹೇಳಿದೆ.

ಇನ್ನು ಭೋಗಿಯ ವಿಷಯ. ನಮ್ಮ ಊರ ಕಡೆ ಹೀಗೆ ಹಳೆಯದನ್ನು ಸುಡುವ ಪದ್ಧತಿಯೇ ಇಲ್ಲ. ಅಲ್ಲಿ ತೂತಾದ ಕೊಡವನ್ನೂ ಬಚ್ಚಲ ಹಿಂದೆ ಇಟ್ಟುಕೊಳ್ಳುತ್ತೇವೆ. ಆದರೆ ನಾನು ಮದುವೆಯಾಗಿ ಬಂದ ವರ್ಷ ಪಕ್ಕದ ಮನೆಯ ಅಜ್ಜಿ, "ಹಳೇದು ಹೋದರೆ ತಾನೇ ಹೊಸದು ಬರೋದು" ಎಂದು ಕೈಗೆ ಒಂದು ಹರಿದ ಚಾಪೆ ಕೊಟ್ಟು ಬೆಂಕಿಗೆ ಹಾಕಿಸಿದ್ದರು. ಅಂದಿನಿಂದ ನಾನು ಹುಟ್ಟಾ ತಮಿಳರಿಗಿಂತ ಒಂದು ಕೈ ಮೇಲೆ. ಪರಸ್ಥಳದಿಂದ ಬಂದವರ ಹಣೆಬರಹವೇ ಇಷ್ಟು, ಇಲ್ಲಿಯವರು ಕಾಟಾಚಾರಕ್ಕೆ ಮಾಡುವುದನ್ನು ನಾವು ಶ್ರದ್ಧೆಯಿಂದ ಮಾಡಿ ತೋರಿಸುತ್ತೇವೆ. ಆ ಸಲವಂತೂ ತಮ್ಮನಿಗೆ ಸನ್ಮಾನ, ಮನೆಗೆ ಜನ ಬರಬಹುದು. ಬೆಳಗಿನ ಐದು ಗಂಟೆಗೆ ಅಟ್ಟಕ್ಕೆ ಏಣಿ ಹಾಕಿ ಹತ್ತಿದೆ. ಜಿರಲೆ ತಿಂದ ಮೊರ, ಎರಡು ಚಾಪೆ, ಹರಿದ ಚೀಲಗಳು, ಅದರ ಹಿಂದೆ ಬಾಯಿ ಕಟ್ಟಿದ ಒಂದು ಗೋಣಿ. ಬಿಚ್ಚಿ ನೋಡಿದೆ. ಬೂದು ಬಣ್ಣದ ಒರಟು ಕಂಬಳಿ, ಒಂದು ಅಂಚು ಇಲಿ ಕಡಿದಂತೆ ಕಿತ್ತುಹೋಗಿತ್ತು, ಸೀಮೆಎಣ್ಣೆಯ ವಾಸನೆ. ಚೆನ್ನೈಯಲ್ಲಿ ಕಂಬಳಿ ಯಾರಿಗೆ ಬೇಕು ಎಂದುಕೊಂಡೆ. ಹಾಗೆಂದು ಬಾಯಿಬಿಟ್ಟೇ ಹೇಳಿದೆ, ನನಗೆ ಚೆನ್ನಾಗಿ ನೆನಪಿದೆ. ಅವನು ಸ್ನಾನಕ್ಕೆ ಹೋಗಿದ್ದ. ಬಾಗಿಲು ತಟ್ಟಿ ಒಂದು ಮಾತು ಕೇಳಬಹುದಾಗಿತ್ತು.

ಗೇಟಿನ ಮುಂದೆ ಬೆಂಕಿ ಚೆನ್ನಾಗಿ ಹತ್ತಿತ್ತು. ಕಂಬಳಿ ಮೊದಲು ಹೊಗೆಯಾಡಿತು, ಉರಿಯಲಿಲ್ಲ. ನಾನೇ ಕೋಲಿನಿಂದ ಕೆದಕಿ ಮೇಲೆ ಒಣ ಚಾಪೆ ಎಳೆದೆ. ಆಗ ಆ ವಾಸನೆ ಬಂತು. ಶ್ರೇಯಾ ಮೂಗು ಮುಚ್ಚಿಕೊಂಡು ಒಳಗೆ ಓಡಿದಳು.

ಅವನು ಬಿಳಿ ಅಂಗಿ ಹಾಕಿ, ತಲೆ ಬಾಚಿ, ಮೆಡಲುಗಳನ್ನು ಕರ್ಚೀಪಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಕೆಳಗಿಳಿದು ಬಂದ. "ಅಕ್ಕಾ, ಅಟ್ಟದ್ ಮೇಲಿದ್ ಗೋಣಿ ಎಲ್ಲಿತ್ತ್?"

ನಾನು ಬೆಂಕಿಯ ಕಡೆ ತಿರುಗಿದೆ.

ಅವನು ಕೂಗಾಡಲಿಲ್ಲ. ಬೂಟು ಹಾಕಿದ ಕಾಲಿನಿಂದ ಚಾಪೆಯನ್ನು ಒದ್ದು ಸರಿಸಿ, ಮಂಡಿಯೂರಿ, ಬರಿಗೈಯನ್ನು ಒಳಗೆ ಹಾಕಿದ. ಹಿಡಿದದ್ದು ಕರಿಯ ಬೂದಿಯಾಗಿ ಉದುರಿತು. ಮತ್ತೆ ಹಾಕಿದ. ನಾನು ಅವನ ಭುಜ ಹಿಡಿದು ಎಳೆದೆ. ಬೆರಳುಗಳ ತುದಿ ಸುಟ್ಟಿದ್ದವು. ಅಲ್ಲೇ ಕುಳಿತುಕೊಂಡು ನೆಲ ನೋಡುತ್ತ ಕಂಬಳಿಯ ವಿಷಯವೆಲ್ಲ ಹೇಳಿದ, ಅರುಳ್ ಹೊದಿಸಿದ್ದು, ಅವನ ಸಾಮಾನಿನ ಪೆಟ್ಟಿಗೆಯ ಜೊತೆ ಕಳಿಸದೆ ತಾನು ಬಚ್ಚಿಟ್ಟುಕೊಂಡಿದ್ದು, ಇವತ್ತು ಅದನ್ನು ಆ ತಾಯಿಯ ಕೈಗೆ ಕೊಟ್ಟು, ಆ ಧೈರ್ಯದ ಮೇಲೆ ಮಾತು ಶುರುಮಾಡಬೇಕು ಎಂದುಕೊಂಡಿದ್ದು. ಬೀದಿಯ ಮಕ್ಕಳು ತಮಟೆ ಬಡಿಯುತ್ತಲೇ ಇದ್ದರು.

"ಇನ್ನ್ ಹ್ಯಾಂಗ್ ಹೋಪುದ್? ನಾ ಹೋತಿಲ್ಲೆ," ಎಂದ.

ಆಗ ಅವನ ಮುಖ ನೋಡಿದೆ. ದುಃಖವಿತ್ತು, ಅದು ಸರಿ. ಅದರ ಕೆಳಗೆ ಇನ್ನೊಂದಿತ್ತು. ಪರೀಕ್ಷೆ ಮುಂದೆ ಹೋದರೆ ಮಕ್ಕಳ ಮುಖದಲ್ಲಿ ಕಾಣುವಂಥದ್ದು. ನಾನು ಹೆದರಿದೆ. ಇವತ್ತು ಹೋಗದಿದ್ದರೆ ಇವನು ಇನ್ನು ಯಾವತ್ತೂ ಹೋಗುವುದಿಲ್ಲ, ಅದಕ್ಕೆ ನೆಪ ನಾನಾಗುತ್ತೇನೆ, ಜೀವಮಾನವಿಡೀ.

"ಸುಟ್ಟದ್ ನಾನ್," ಎಂದೆ. "ಅದನ್ ನಾ ಹೇಳ್ತೆ. ನಿಂದ್ ನೀ ಹೇಳ್. ಏಳ್."

ಮೈಲಾಪೂರಿನಿಂದ ರೈಲು ಹತ್ತಿ ಬೀಚ್ ಸ್ಟೇಷನ್ನಿನಲ್ಲಿ ಇಳಿದು ಆಟೋ ಹಿಡಿದೆವು. ಇಡೀ ಊರಿನ ಮೇಲೆ ಹೊಗೆ ಮಂಜಿನ ಹಾಗೆ ಕೂತಿತ್ತು, ಬಂದರಿನ ಕ್ರೇನುಗಳ ತಲೆ ಕಾಣುತ್ತಿರಲಿಲ್ಲ. ಅವನು ಸುಟ್ಟ ಬೆರಳುಗಳನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮೂರ್ತಿಯವರ ಫೋನು ಬಂತು, ನಾನು ತೆಗೆಯಲಿಲ್ಲ. ಸಂದಿಯೊಳಗೆ ಎರಡು ಕಡೆಯೂ ಬಲೆ ಒಣಹಾಕಿದ್ದರು. ಒಂದು ಹೆಂಚಿನ ಮನೆ, ಹೊಸ್ತಿಲ ಮುಂದೆ ರಂಗೋಲಿ, ಬಾಗಿಲ ಮೇಲೆ ಶಿಲುಬೆ. ಅರುಳನ ತಾಯಿ ಸೆಲ್ವಮೇರಿ ಅಮ್ಮ ಮೆಟ್ಟಿಲ ಮೇಲೆ ಕೂತು ಮೀನು ತೊಳೆಯುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಹೆಂಗಸು. ತಲೆ ಎತ್ತಿ, "ಯಾರುಪ್ಪಾ?" ಎಂದರು.

ಸುಧಾಕರ ನೆಟ್ಟಗೆ ನಿಂತ. ಆಮೇಲೆ ಆ ಹಾಳು ಅಭ್ಯಾಸದ ಮಾತೇ ಮೊದಲು ಬಂತು. "ಅದಾವದು ಇನ್ನಾನ್ನಾಮ್ಮಾ..." ಎಂದು ಎಳೆದ, ಕೈ ಗಾಳಿಯಲ್ಲಿ ಅರ್ಧ ತಿರುಗಿ ನಿಂತಿತು.

ಅವರ ಕೈಯಲ್ಲಿದ್ದ ಮೀನು ನೀರಿಗೆ ಬಿತ್ತು. "ಇದು ಅವನ್ ಪೇಚ್ಚು," ಎಂದರು. ಇದು ಅವನ ಮಾತು. ಮತ್ತೆ, "ಸುದಾ?" ಎಂದು ಕೇಳಿದರು. ಮಗ ಫೋನಿನಲ್ಲಿ ಹೇಳಿರಬೇಕು. "ಉಳ್ಳೆ ವಾ."

ಒಳಗೆ ಗೋಡೆಯ ಮೇಲೆ ಅರುಳನ ಫೋಟೋ ಇತ್ತು. ಸಮವಸ್ತ್ರ, ಮೂವತ್ತೊಂದು ವರ್ಷ, ಕಪ್ಪು ಕೂದಲು, ಫೋಟೋ ತೆಗೆಯುವವನಿಗೆ ಏನೋ ತಮಾಷೆ ಮಾಡಿದ್ದವನ ಮುಖ. ಸುಧಾಕರ ಅದರ ಕೆಳಗೆ ನೆಲದ ಮೇಲೆ ಕೂತು ಹೇಳಿದ. ತಮಿಳಿನಲ್ಲಿ ಹೇಳಿದ, ಮಗನ ತಮಿಳಿನಲ್ಲೇ. ಜ್ವರ, ಸರದಿ, ಡಬ್ಬ, ಕಂಬಳಿ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಮೃದು ಮಾಡಲಿಲ್ಲ. "ನಾನು ಹೋಗಬೇಕಾಗಿತ್ತು, ಅವನು ಹೋದ" ಎಂದು ಮುಗಿಸಿದ. ಆಮೇಲೆ ನಾನು ನನ್ನ ಪಾಲಿನದನ್ನು ಹೇಳಿದೆ. ಆ ಕಂಬಳಿಯನ್ನು ಇವತ್ತು ಬೆಳಿಗ್ಗೆ ಭೋಗಿಗೆ ಹಾಕಿಬಿಟ್ಟೆ ಅಮ್ಮಾ ಎಂದೆ.

ಆಕೆ ಅಳುತ್ತಾರೆ ಅಂದುಕೊಂಡಿದ್ದೆ. ಬೈದು ಹೊರಗಟ್ಟಿದರೂ ಸರಿ ಅಂದುಕೊಂಡಿದ್ದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಒಂದೇ ಪ್ರಶ್ನೆ ಕೇಳಿದರು, ನನ್ನನ್ನಲ್ಲ, ಅವನನ್ನು.

"ಅವನು ಹೊದಿಸಿದನಲ್ಲ, ಆಗ ನಿನಗೆ ಬೆಚ್ಚಗಾಯಿತಾ?"

ಅದಕ್ಕಿಂತ ಕಷ್ಟದ ಪ್ರಶ್ನೆ ಇರಲಿಲ್ಲ. ಇಲ್ಲ ಎಂದಿದ್ದರೆ ಸುಲಭವಾಗುತ್ತಿತ್ತು.

"ಆಯಿತಮ್ಮಾ," ಎಂದ. "ಬೆವರಿತು. ಸಂಜೆಯ ಹೊತ್ತಿಗೆ ಜ್ವರ ಬಿಟ್ಟಿತು."

ಆಕೆ ತಲೆ ಆಡಿಸಿದರು. ಒಳಗೆ ಹೋಗಿ ಮೂರು ಲೋಟ ಟೀ ತಂದರು. ಮೀನಿನ ಕೈಯ ಟೀ ನಾನು ಅದೇ ಮೊದಲು ಕುಡಿದದ್ದು, ಪೂರ್ತಿ ಕುಡಿದೆ. ಸುಧಾಕರನ ಸುಟ್ಟ ಬೆರಳುಗಳನ್ನು ನೋಡಿ ಆಕೆ ಏನೂ ಕೇಳದೆ ಎಣ್ಣೆ ಹಚ್ಚಿದರು. ನನಗೆ ಎದೆ ಹಗುರಾಯಿತು. ಎಲ್ಲ ಸರಿಹೋಯಿತು, ಇನ್ನು ಇವನಿಗೆ ಇನ್ನೊಬ್ಬ ಅಮ್ಮ ಸಿಕ್ಕಿದಳು ಎಂದು ಮನಸ್ಸಿನಲ್ಲೇ ಪಾಯಸ ಹಂಚಿಬಿಟ್ಟೆ.

ಹೊರಡುವಾಗ ಆಕೆ ಬಾಗಿಲವರೆಗೆ ಬಂದರು. ಅವನ ಕೆನ್ನೆ ಮುಟ್ಟಿ, "ನಿಜ ಹೇಳಿದೆ. ಆಫೀಸರುಗಳೆಲ್ಲ ಒಳ್ಳೆಯ ಮಾತೇ ಹೇಳಿ ಹೋದರು, ನೀನು ನಿಜ ಹೇಳಿದೆ," ಎಂದರು. "ಆದರೆ ಇನ್ನು ಬರಬೇಡಪ್ಪಾ."

ಆಕೆ ಕೈ ಹಿಂದಕ್ಕೆ ತೆಗೆದುಕೊಂಡರು.

"ನಿನ್ನ ನೋಡಿದರೆ ಅವನಿಗೀಗ ಎಷ್ಟು ವಯಸ್ಸು ಅಂತ ಗೊತ್ತಾಗುತ್ತೆ. ಬಾಯಿ ಬಿಟ್ಟರೆ ಅವನೇ ಮಾತಾಡ್ತಾನೆ. ನನ್ನಿಂದ ಆಗಲ್ಲ. ಕೋಪ ಇಲ್ಲ. ಬರಬೇಡ."

ಅವನು ಹಿಮ್ಮಡಿ ಕೂಡಿಸಿ, ನೆಟ್ಟಗೆ ನಿಂತು, ಆಕೆಗೆ ಸೆಲ್ಯೂಟ್ ಹೊಡೆದ. ಬೆರಳುಗಳು ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ಆಮೇಲೆ ತಿರುಗಿ ನಡೆದ. ಬೀಚ್ ಸ್ಟೇಷನ್ನಿಗೆ ಬರುವಾಗ ಹನ್ನೊಂದೂ ಕಾಲು. ಸತ್ಯ ಹೇಳಿದ್ದಾಗಿತ್ತು, ಷರತ್ತು ಪೂರೈಸಿತ್ತು. "ಸಭೆಗ್ ಹೋಪ್ವಾ?" ಎಂದು ಕೇಳಿಬಿಟ್ಟೆ, ಈಗಲೂ ಆ ಮಾತಿಗೆ ನಾಚಿಕೆಯಾಗುತ್ತದೆ. ಅವನು ಮೈಲಾಪೂರಿಗೆ ಬಂದು ನೇರ ಉಗ್ರಾಣಕ್ಕೆ ಹೋಗಿ, ಸಾಲಾಗಿಯೇ ಇದ್ದ ಮೂಟೆಗಳನ್ನೆಲ್ಲ ಕೆಡವಿ, ಮತ್ತೆ ಸಾಲಾಗಿ ಜೋಡಿಸಿದ.

ಮೂರ್ತಿಯವರು ಖಾಲಿ ಕುರ್ಚಿಯ ಮುಂದೆಯೇ ಭಾಷಣ ಮುಗಿಸಿದರಂತೆ. ಸಂಜೆ ಶಾಲು, ಹಣ್ಣಿನ ಬುಟ್ಟಿ ಮನೆಗೇ ತಂದುಕೊಟ್ಟರು. ಮುಖ ಊದಿತ್ತು, ಕಾರಣ ಹೇಳುವ ಶಕ್ತಿ ನನಗಿರಲಿಲ್ಲ. ಹಣ್ಣು ತಿಂದೆವು. ಶಾಲು ಪ್ಲಾಸ್ಟಿಕ್ ಕವರಿನಲ್ಲೇ ಅಟ್ಟದ ಮೇಲಿದೆ. ಅದನ್ನು ಎಷ್ಟು ಭೋಗಿ ಬಂದರೂ ನಾನು ಕೆಳಗಿಳಿಸುವುದಿಲ್ಲ. ನಮ್ಮ ಮನೆಯ ಮುಂದೆ ಅಂದಿನಿಂದ ಬೆಂಕಿ ಹಾಕಿಲ್ಲ.

ಸುಧಾಕರ ಇಲ್ಲೇ ಇದ್ದಾನೆ. ಯಾರಿಗಾಗಿ ಈ ಊರಿಗೆ ಬಂದನೋ ಅವರ ಮನೆಗೆ ಹೋಗುವಂತಿಲ್ಲ, ಊರು ಬಿಟ್ಟೂ ಹೋಗಲಿಲ್ಲ. ತಮಿಳು ಮಾತಾಡುವುದನ್ನು ಬಹಳ ಕಡಿಮೆ ಮಾಡಿದ್ದಾನೆ, ಶ್ರೇಯಾಳ ಜೊತೆಗೂ ಕನ್ನಡವೇ. ಜನವರಿ ಹದಿನಾಲ್ಕಕ್ಕೆ ರಜೆ ತೆಗೆದುಕೊಳ್ಳುವುದಿಲ್ಲ. ಅವತ್ತು ಬೆಳಿಗ್ಗೆ ಒಂದು ಟಿಫಿನ್ ಕ್ಯಾರಿಯರ್ ತುಂಬಿ ನನ್ನ ಮುಂದೆ ಇಡುತ್ತಾನೆ. ನನಗೆ ಬರಬೇಡ ಎಂದು ಆಕೆ ಹೇಳಿಲ್ಲವಲ್ಲ, ನಾನು ಹೋಗುತ್ತೇನೆ.

ಸೆಲ್ವಮೇರಿ ಅಮ್ಮ ಕ್ಯಾರಿಯರ್ ತೆಗೆದುಕೊಂಡು ಟೀ ಕೊಡುತ್ತಾರೆ. ಮಳೆ, ಮೀನು, ಮೊಣಕಾಲು ನೋವು ಎಲ್ಲ ಮಾತಾಡುತ್ತಾರೆ. ಹೊರಡುವಾಗ ಮಾತ್ರ ಅವನ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾರೆ, ವರ್ಷಕ್ಕೆ ಒಂದೇ. ಒಂದು ವರ್ಷ, ದಪ್ಪ ಆಗಿದ್ದಾನಾ ಎಂದರು. ಇನ್ನೊಂದು ವರ್ಷ, ಕನ್ನಡಕ ಬಂತಾ ಎಂದರು. ಬಂತು, ಓದುವುದಕ್ಕೆ ಮಾತ್ರ ಎಂದು ಹೇಳಿದ್ದೆ. ಮೊದಲೆಲ್ಲ ಅದು ಅವನ ಮೇಲಿನ ಅಕ್ಕರೆ ಎಂದು ತಿಳಿದು ಮನೆಗೆ ಬಂದು ಅವನಿಗೆ ಸಂತೋಷದಿಂದ ವರದಿ ಒಪ್ಪಿಸುತ್ತಿದ್ದೆ. ಅವನು ಕೇಳಿಸಿಕೊಂಡು ಉಗ್ರಾಣಕ್ಕೆ ಎದ್ದು ಹೋಗುತ್ತಿದ್ದ.

ಈ ವರ್ಷ ಕಿಟಕಿ ಮುಚ್ಚಿ, ಕ್ಯಾರಿಯರ್ ಹಿಡಿದು, ಅದೇ ಹೊಗೆಯಲ್ಲಿ ಹೋದೆ. ಹೊರಡುವಾಗ ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದರು. "ನರೆ ಬಂತಾ?"

"ಬಂತಮ್ಮಾ," ಎಂದೆ. "ಕಿವಿಯ ಹತ್ತಿರ, ಸ್ವಲ್ಪ. ಎರಡೂ ಕಡೆ."

ಆಕೆ ಒಳಗೆ ಹೋದರು. ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದೆ. ಗೋಡೆಯ ಫೋಟೋದ ಮುಂದೆ ನಿಂತು, ಎರಡು ಬೆರಳಿನಿಂದ ಗಾಜಿನ ಮೇಲೆ, ಮಗನ ಕಪ್ಪು ಕೂದಲಿನ ಮೇಲೆ, ಕಿವಿಯ ಹತ್ತಿರ, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ, ಮೆಲ್ಲಗೆ ಸವರುತ್ತಿದ್ದರು.